ಒಂಬತ್ತನೇ ಪ್ರಶ್ನೆ

ನಮ್ಮ ಕ್ಲಿನಿಕ್ಕಿನ ನರ್ಸಕ್ಕನ ಬಾಯಿ ಬಲು ಜೋರು. ಸಕ್ಕರೆ ಕಾಯಿಲೆಯವರು ಸಿಹಿ ತಿಂದು ಬಂದರೆ ಮುಖ ಮೂತಿ ನೋಡದೆ ಬೈಯುತ್ತಾಳೆ. ಅಂಥವಳ ಕೈಗೆ, ಮನಸ್ಸಿನ ಕಾಯಿಲೆ ಇದ್ದವರನ್ನು ಗುರುತಿಸಲೆಂದು, ಒಂಬತ್ತು ಪ್ರಶ್ನೆಗಳ ಹಾಳೆ ಬಂತು. ನಿದ್ದೆ, ಹಸಿವು, ಬೇಸರ ಎಂದು ಎಂಟನ್ನು ಸಲೀಸಾಗಿ ಕೇಳುತ್ತಿದ್ದಳು. ಕೊನೆಯದು, ಸಾಯಬೇಕು ಅನಿಸುತ್ತದೆಯೇ ಎಂಬುದು.

"ಥೂ, ಬಿಡ್ತು ಅನ್ನಿ! ಮನುಷ್ಯರನ್ನ ಅಂಥಾ ಮಾತು ಕೇಳೋದುಂಟಾ?" ಎಂದು ರೇಗಿ, ಎಲ್ಲರ ಹಾಳೆಯಲ್ಲೂ ತಾನೇ 'ಇಲ್ಲ' ಎಂದು ಬರೆದುಬಿಡುತ್ತಿದ್ದಳು. ಪಕ್ಕದಲ್ಲೇ ಕೂತು ಮಾತ್ರೆ ಕೊಡುವ ನಾನೂ ತುಟಿ ಪಿಟಕ್ಕೆನ್ನಲಿಲ್ಲ. ನನಗೂ ಅದೇ ಬೇಕಿತ್ತು.

ಟೈಲರಮ್ಮ ತಲೆನೋವೆಂದು ಆ ತಿಂಗಳಲ್ಲಿ ಮೂರನೇ ಸಲ ಬಂದಿದ್ದಳು. ಹಿಂದಿನ ಎರಡು ಸಲವೂ ಹಾಳೆ ತುಂಬಿಸಿ, ಮಾತ್ರೆ ಕೊಟ್ಟು ಕಳಿಸಿದ್ದೆವು. ಈ ಸಲವೂ ನರ್ಸಕ್ಕ ಎಂಟು ಪ್ರಶ್ನೆ ಮುಗಿಸಿ, ಕೊನೆಯದಕ್ಕೆ 'ಇಲ್ಲ' ಎಂದು ಬರೆದು ಪೆನ್ನು ಮುಚ್ಚಿದಳು.

ಟೈಲರಮ್ಮ ಮೇಲೇಳಲಿಲ್ಲ. ಮೇಜಿನ ಆಚೆಯಿಂದಲೇ ಕೈಚಾಚಿ, ಸೂಜಿ ಚುಚ್ಚಿ ಒರಟಾಗಿದ್ದ ಬೆರಳನ್ನು ಆ 'ಇಲ್ಲ'ದ ಮೇಲಿಟ್ಟಳು.

"ಅಕ್ಕಾ, ಇದೊಂದನ್ನ ಇವತ್ತಾದ್ರೂ ಕೇಳ್ತೀರೇನೋ ಅಂತ ಬಂದೆ."