ಕಠ್ಮಂಡುವಿನಲ್ಲಿ ಉಳಿದ ಅಕ್ಕ

ತ್ರಿಶಲಾ, ನಿಮ್ಮವ್ವನ ವೀಸಾ ತಪ್ಪಿಸಿದಾಕಿ ನಾನು. ಚೀನಾದ ಸರಕಾರ ಅಲ್ಲ, ಕಠ್ಮಂಡುವಿನ ಆಫೀಸಿನವರಲ್ಲ, ಸಾಯುವ ತನಕ ನಿಮ್ಮವ್ವ ನಂಬಿದ್ದ ಹಾಗೆ ಅವರ ಹಿಂದಿನ ಜನ್ಮದ ಕರ್ಮವೂ ಅಲ್ಲ. ನಾನು — ನಿನ್ನ ಕಾಕು.

ಹೋದ ವಾರ ನೀನು ಬೀಳಗಿಯಿಂದ ಫೋನ್ ಮಾಡಿ, "ಕಾಕು, ಕೈಲಾಸದ ದಾರಿ ಮತ್ತ ತಗದಾರ, ನಾನೂ ಹೆಸರು ಹಚ್ಚೇನಿ" ಅಂದಾಗ ಖುಷಿಯಾಯಿತು. ಆಮೇಲೆ, "ಅವ್ವಗ ತಡದ ಕರ್ಮ ನನಗೂ ತಡೀಬಾರ್ದಂತ ಆಕಿ ಮಾಡೂ ಉಪವಾಸಾನ ಹಿಡದೇನಿ" ಅಂದೆ. "ಛಲೋ ಆತವ್ವಾ, ಬ್ಯಾಳಿ ಉಕ್ಕಾಕತ್ತೈತಿ" ಎಂದು ಫೋನ್ ಇಟ್ಟುಬಿಟ್ಟೆ. ಬ್ಯಾಳಿ ಉಕ್ಕುತ್ತಿರಲಿಲ್ಲ. ಒಲೆಯನ್ನೇ ಹಚ್ಚಿರಲಿಲ್ಲ. ಬಾಯಿ ಮತ್ತೆ ಅದೇ ಕೆಲಸ ಮಾಡಿತು — ಅದಕ್ಕೇ ಬರೆಯಲು ಕೂತಿದ್ದೇನೆ.

ನಿಮ್ಮಪ್ಪ ತೀರಿಕೊಂಡ ಮೇಲೆ ನಿಮ್ಮವ್ವನಿಗೆ, ನನ್ನ ಅಕ್ಕಾರಿಗೆ, ಉಳಿದದ್ದು ಒಂದೇ ಆಸೆ, ಅದು ನಿನಗೂ ಗೊತ್ತು. ಭಗವಾನ್ ಆದಿನಾಥರು ಮೋಕ್ಷಕ್ಕೆ ಹೋದ ಅಷ್ಟಾಪದವನ್ನು, ಕೈಲಾಸದ ಪಕ್ಕದ ಆ ಬೆಟ್ಟವನ್ನು, ಒಮ್ಮೆ ಕಣ್ಣಿನಿಂದ ನೋಡಬೇಕು. ರಬಕವಿಯಿಂದ ನಾವಿಬ್ಬರು ನೆಗೆಣ್ಣಿಯರೇ ಹೊರಟು ಒಂದು ಯಾತ್ರಾ ತಂಡ ಕೂಡಿಕೊಂಡೆವು. ವಿಮಾನದ ತಂಡ ಬೇಡವೆಂದವರು ಅಕ್ಕಾರೇ. ನೆಲದ ಮೇಲೆ ಹೋದರೇ ಅದು ಯಾತ್ರೆ ಎಂದರು. ಮಿರಜಿನಿಂದ ರೈಲು, ಗೋರಖಪುರದಿಂದ ಬಸ್ಸು, ಗಡಿಯಲ್ಲಿ ಕಮಾನಿನ ಕೆಳಗೆ ಕಾಲ್ನಡಿಗೆಯಲ್ಲೇ ನೇಪಾಳ. ಅಲ್ಲಿಗೆ ನಮಗೆ ವೀಸಾ ಬೇಕಿರಲಿಲ್ಲ. ಬೆಟ್ಟ ಇರುವುದು ಚೀನಾದವರ ಕೈಯಲ್ಲಿ, ಅವರ ವೀಸಾ ಮಾತ್ರ ಕಠ್ಮಂಡುವಿನಲ್ಲಿ ಕಾದು ತಗೊಳ್ಳಬೇಕು. ಅದೂ ಒಬ್ಬೊಬ್ಬರಿಗಲ್ಲ, ಇಡೀ ತಂಡಕ್ಕೆ ಒಂದೇ ಹಾಳೆ. ಹಾಳೆಯಲ್ಲಿ ಹೆಸರಿದ್ದವರೆಲ್ಲ ಕೂಡಿ ಹೋಗಬೇಕು, ಕೂಡಿ ಬರಬೇಕು.

ಅದು ಪ್ರವಾಸಿಗರ ವೀಸಾ ಎಂದು ಕೇಳಿ ಅಕ್ಕಾರು ರೈಲಿನಲ್ಲೇ ನಕ್ಕಿದ್ದರು. "ಕೇಳಿದೇನ ಕುಸುಮಾ, ಆದಿನಾಥರ ಕಡೆ ಹೊಂಟವರು ನಾವು — ಕಾಗದದಾಗ ಮೋಜಿಗೆ ಹೊಂಟವರು! ಹಂಗಾದ್ರ ಒಂದು ಕರೀ ಕನ್ನಡಕಾ ತಗೋಬೇಕಿತ್ತಲ್ಲ." ಡಬ್ಬಿಯವರೆಲ್ಲ ನಮ್ಮ ಕಡೆ ತಿರುಗಿ ನೋಡುವಷ್ಟು ನಕ್ಕಿದ್ದೆವು.

ಸಣ್ಣ ಸಣ್ಣ ಉಪಕಾರಗಳನ್ನು ಎಣಿಸಿಕೊಳ್ಳುವುದು ನನ್ನ ಚಾಳಿ. ಕೆಳಗಿನ ಬರ್ತ್ ಸಿಕ್ಕಿತು, ಭಗವಂತನ ದಯೆ. ನೀರು ಸೋಸುವ ಬಟ್ಟೆ ಮರೆತಿರಲಿಲ್ಲ, ದಯೆ. ಹೊತ್ತು ಮುಳುಗುವ ಮೊದಲೇ ಬಸ್ಸು ನಿಂತು ಊಟವಾಯಿತು — ಅದೂ ದಯೆ. ಎಲ್ಲದಕ್ಕಿಂತ ದೊಡ್ಡ ದಯೆ ಎಂದು ನಾನು ಎಣಿಸಿದ್ದು ಬೇರೆಯೇ ಇತ್ತು. ನನಗೆ ದಮ್ಮಿದ್ದದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಹೌದು, ದಮ್ಮು ನನಗಿತ್ತು. ದಮ್ಮಿದ್ದವರನ್ನು ಆ ಎತ್ತರಕ್ಕೆ ಕರೆದೊಯ್ಯುವುದಿಲ್ಲವೆಂದು, ಊರಿನ ಡಾಕ್ಟರ ಮುಂದೆ ಇಲ್ಲವೆಂದು ಹೇಳಿ ಬಂದಿದ್ದೆ. ಕಠ್ಮಂಡುವಿನ ಘಟ್ಟದ ದಾರಿಯಲ್ಲಿ ಉಸಿರು ಹಿಡಿದುಕೊಂಡಾಗ ಸೆರಗಿನ ಮರೆಯಲ್ಲಿ ದಮ್ಮಿನ ಔಷಧದ ಪಂಪು ಬಾಯಿಗಿಟ್ಟು ಎಳೆದುಕೊಂಡೆ. ಅಕ್ಕಾರು ಬೆನ್ನು ತಿಕ್ಕುತ್ತ ಕಿವಿಯ ಹತ್ತಿರ ಅಂದರು — "ಅಂಜಬ್ಯಾಡ. ನಾ ಯಾರಿಗೂ ಹೇಳೂದಿಲ್ಲ. ಮ್ಯಾಲೆ ನಿನ್ನ ಕೈ ನಾ ಹಿಡೀತೇನಿ."

ಅವರು ಯಾರಿಗೂ ಹೇಳಲಿಲ್ಲ ತ್ರಿಶಲಾ. ಯಾವತ್ತೂ.

ಧರ್ಮಶಾಲೆಗೆ ಮುಟ್ಟಿದ ಮರುದಿನ ಬೆಳಿಗ್ಗೆ ಅಕ್ಕಾರು ಅಭಿಷೇಕ ನೋಡಲು ಕೆಳಗೆ ಬಸದಿಗೆ ಹೋಗಿದ್ದರು. ತಂಡವನ್ನು ಕರೆತಂದಿದ್ದ ಮುಖ್ಯಸ್ಥರು ಪಾಸ್‌ಪೋರ್ಟ್ ಒಟ್ಟುಮಾಡುತ್ತ ನಮ್ಮ ಖೋಲಿಗೆ ಬಂದರು. ನಾನು ಎರಡೂ ಪಾಸ್‌ಪೋರ್ಟ್ ಕೊಟ್ಟೆ. ಅವರು ತಿರುಗಬೇಕು, ಅಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲಿದ್ದ ಪಂಪು ಕಂಡಿತು.

"ಇದು ಯಾರದ್ರಿ ಬಾಯಾರ?"

ನನ್ನದು ಅನ್ನಬಹುದಿತ್ತು. ಗೊತ್ತಿಲ್ಲ, ಮೊದಲಿದ್ದವರು ಬಿಟ್ಟಿರಬೇಕು ಅಂದರೂ ನಡೆಯುತ್ತಿತ್ತು. ನಾನು ಅಂದದ್ದು —

"ಅಕ್ಕಾರ್ದರಿ."

ಇಷ್ಟೇ. ಯಾರೂ ನನ್ನನ್ನು ದಬಾಯಿಸಿರಲಿಲ್ಲ, ಯೋಚಿಸಲು ಹೊತ್ತಿರಲಿಲ್ಲ ಅಂತಲೂ ಅಲ್ಲ. ಎಷ್ಟೋ ಸಲ ಆ ಖೋಲಿಗೆ ಮನಸ್ಸಿನಲ್ಲೇ ವಾಪಸು ಹೋಗಿ ನೋಡಿದ್ದೇನೆ, ಹೆದರಿಕೆಯಿಂದ ಅಂದೆನೋ ಹೇಗೆ ಎಂದು. ಹೆದರಿಕೆ ಇತ್ತು, ಖರೆ. ಆದರೆ ಅದರ ತಳದಲ್ಲಿ ಇನ್ನೊಂದಿತ್ತು. ಮದುವೆಯಾಗಿ ಬಂದಾಗಿನಿಂದ ಕೇಳಿದ್ದೆ — ದೊಡ್ಡ ಸೊಸೆಯ ಪೂಜೆ, ದೊಡ್ಡ ಸೊಸೆಯ ಸ್ತೋತ್ರ, ದೊಡ್ಡ ಸೊಸೆಯ ನೇಮ. ಬಸ್ಸಿನಲ್ಲೂ ಎಲ್ಲರೂ ಅವರ ಸುತ್ತಲೇ ಕೂತರು. ಒಂದು, ಒಂದೇ ಒಂದು ಪುಣ್ಯ ನನ್ನ ಪಾಲಿಗೆ ಮಾತ್ರ ಇರಲಿ ಅಂತ... ಇದನ್ನು ಬರೆಯಲು ಕೈ ಬರುತ್ತಿಲ್ಲ. ಬರೆದಿದ್ದೇನೆ.

ಮುಖ್ಯಸ್ಥರು ಕಾಟಿನ ಅಂಚಿಗೆ ಕೂತರು. "ಮ್ಯಾಲೆ ಗಾಳೀನ ಇರೂದಿಲ್ರಿ. ದಮ್ಮು ಹತ್ತಿದ್ರ ಏನ್ ಮಾಡೂದ್ರಿ? ಅವರ ಜೀವಕ್ಕೂ ತ್ರಾಸ, ಉಳದವರ ಯಾತ್ರಾನೂ ಹಾಳು" ಎಂದು ಅಕ್ಕಾರ ಪಾಸ್‌ಪೋರ್ಟನ್ನು ತಿರುಗಿ ನನ್ನ ಕೈಯಲ್ಲಿಟ್ಟರು. ಆಗಲೂ ಬಾಯಿ ಬಿಡಬಹುದಿತ್ತು. ಬಿಟ್ಟೆ — "ದಮ್ಮಿನ ಮಾತು ಅವರ ಮುಂದ ತಗೀಬ್ಯಾಡ್ರಿ, ನಾಚ್ಕೋತಾರ. ವೀಸಾ ಆಗಲಿಲ್ಲ ಅಂದುಬಿಡ್ರಿ."

"ಛಲೋ ನೆಗೆಣ್ಣಿ ಅದೀರಿ ನೋಡ್ರಿ ನೀವು" ಅಂದು ಅವರು ಎದ್ದು ಹೋದರು.

ಹಾಳೆ ಬಂದ ದಿನ ಎಲ್ಲರ ಹೆಸರೂ ಓದಿದರು. ನಿಮ್ಮವ್ವ ತಲೆಯ ಮೇಲೆ ಸೆರಗು ಹೊದ್ದು, ಕೈ ಮುಗಿದುಕೊಂಡೇ ಕೇಳಿದರು. ಓದು ಮುಗಿದ ಮೇಲೂ ಕೈ ಹಾಗೇ ಇದ್ದವು. ಮುಖ್ಯಸ್ಥರು, "ನಿಮ್ಮೊಬ್ಬರದು ಆಗಲಿಲ್ರಿ ತಾಯಿ" ಎಂದರು. ಅಕ್ಕಾರು ಜಗಳ ಮಾಡಲಿಲ್ಲ, ಯಾಕೆ ಎಂದು ಕೇಳಲಿಲ್ಲ. "ಎಲ್ಲಾರಿಗೂ ಆಗಿ ನನಗಷ್ಟ ಆಗಿಲ್ಲಂದ್ರ — ಇದು ಅಂತರಾಯ ಕರ್ಮ" ಎಂದರು, ತಮಗೆ ತಾವೇ ಅನ್ನುವ ಹಾಗೆ. ಆಗಬೇಕಾದ ಒಳ್ಳೆಯದಕ್ಕೆ ಅಡ್ಡ ನಿಲ್ಲುವ ಕರ್ಮ. ಬಸದಿಯಲ್ಲಿ ಕೂತು ನಾವಿಬ್ಬರೂ ಕೂಡಿಯೇ ಕಲಿತ ಪಾಠ ಅದು. ಅಡ್ಡ ನಿಂತಾಕೆ ಅವರ ಪಕ್ಕದಲ್ಲೇ ನಿಂತಿದ್ದಳು, ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ.

ನನ್ನ ಚೀಲ ಕಟ್ಟಿದವರು ಅವರೇ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ತಮ್ಮ ಉಣ್ಣೆಯ ಕಾಲುಚೀಲ. ಕೊನೆಗೆ ಬಿಳಿ ಬಟ್ಟೆಯ ಒಂದು ಸಣ್ಣ ಗಂಟು. ಅಷ್ಟಾಪದಕ್ಕೆ ಏರಿಸಲೆಂದು ಊರಲ್ಲಿ ಮಧ್ಯಾಹ್ನವೆಲ್ಲ ಕೂತು ನುಚ್ಚು ತೆಗೆದು, ಮುರಿಯದ ಕಾಳನ್ನಷ್ಟೇ ಆರಿಸಿ ಕಟ್ಟಿದ್ದ ಅಕ್ಕಿ. "ನನ್ನ ಹೆಸರು ಹೇಳಿ ಏರಿಸು ಕುಸುಮಾ. ನಾ ಬಂದಂಗ ಆತು."

ಅಲ್ಲಿ ಮೋಡ ಇರಲಿಲ್ಲ ತ್ರಿಶಲಾ. ನನಗೆ ದಮ್ಮು ಹತ್ತಲಿಲ್ಲ. ಏನಾದರೂ ಆಗುತ್ತದೆ, ಆಗಲೇಬೇಕು ಎಂದು ದಾರಿಯುದ್ದ ಕಾಯುತ್ತಿದ್ದೆ. ಏನೂ ಆಗಲಿಲ್ಲ. ಬೆಟ್ಟ ತೊಳೆದಿಟ್ಟ ಹಾಗೆ ಕಂಡಿತು. ಅದನ್ನೂ ನಾನು ದಯೆ ಎಂದು ಎಣಿಸಿದೆ! ಗಂಟು ಬಿಚ್ಚಿ ಅಕ್ಕಿ ಏರಿಸಿದೆ. ಅಕ್ಕಾರ ಹೆಸರು ಹೇಳಲಿಲ್ಲ. ಆ ಹೆಸರು ಬಾಯಿಗೆ ಬಂದಿದ್ದರೆ ಉಳಿದದ್ದೂ ಅದರ ಹಿಂದೆಯೇ ಬಂದುಬಿಡುತ್ತಿತ್ತು. ಸುಮ್ಮನೆ ಏರಿಸಿ, ಕೈ ಒರೆಸಿಕೊಂಡು ಇಳಿದೆ.

ವಾಪಸು ಬಂದಾಗ ಅವರು ಧರ್ಮಶಾಲೆಯ ಬಾಗಿಲಲ್ಲಿದ್ದರು. ಯಾತ್ರೆ ಮಾಡಿ ಬಂದವರ ಪಾದ ಮುಟ್ಟುವುದು ನಮ್ಮಲ್ಲಿ ಪದ್ಧತಿ. ನನಗಿಂತ ಹಿರಿಯರು ಬಗ್ಗಿ ನನ್ನ ಪಾದಕ್ಕೆ ಕೈ ಹಚ್ಚಿದರು. "ಬ್ಯಾಡ್ರಿ ಅಕ್ಕಾರ" ಅಂದೆ. "ಸುಮ್ನಿರ. ನಿನಗಲ್ಲ, ಆ ಧೂಳಿಗೆ" ಎಂದು ನಕ್ಕರು. ಕಾಲು ಹಿಂದಕ್ಕೆ ತಗೊಳ್ಳಲಿಲ್ಲ ನಾನು.

ಮುಂದಿನದನ್ನು ನೀನೇ ಕಂಡಿದ್ದಿ. ಅಷ್ಟಮಿ, ಚತುರ್ದಶಿಗೆ ನೀರೂ ಇಲ್ಲದ ಉಪವಾಸ, ಉಳಿದ ದಿನ ಒಂದೇ ಹೊತ್ತಿನ ಊಟ. ಆ ಒಂದು ಊಟ ಬಡಿಸುವವಳು ನಾನು. ಬಳೆಗಳು ಮೊಣಕೈಗೆ ಜಾರುವಂತಾದವು. ಜಮಖಂಡಿಯ ಡಾಕ್ಟರು ಬೈದರೆ, "ಕರ್ಮ ಸವೀಬೇಕಲ್ರಿ ಸಾಹೇಬರ, ಮತ್ತೊಮ್ಮಿ ಹೋಗೂದೈತಿ" ಅನ್ನುತ್ತಿದ್ದರು. ಇಲ್ಲದ ಕರ್ಮವನ್ನು ಸವೆಸುತ್ತಿದ್ದರು. ಸವೆದದ್ದು ಅವರೇ. ಆಮೇಲೆ ಲೋಕವನ್ನೆಲ್ಲ ಮನೆಯೊಳಗೆ ಕೂಡಿಸಿದ ಆ ರೋಗ ಬಂದು ಕೈಲಾಸದ ದಾರಿಯನ್ನೇ ಮುಚ್ಚಿದರು. ಅದು ತೆರೆಯುವ ಮೊದಲೇ ಅಕ್ಕಾರು ಹೋದರು. ಉಪವಾಸದಿಂದಲೇ ಹೋದರು ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ವರ್ಷವರ್ಷವೂ ಕ್ಷಮಾವಾಣಿಯ ದಿನ ಬರುತ್ತಿತ್ತಲ್ಲ. ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪಿಗೆ ಎಲ್ಲರೂ ಎಲ್ಲರಿಗೂ ಕೈ ಮುಗಿಯುವ ದಿನ. ನಾನೂ ಅವರಿಗೆ ಮುಗಿಯುತ್ತಿದ್ದೆ. ಮುಗಿದೆನಲ್ಲ, ಅದರಲ್ಲೇ ಇದೂ ಬಂತು — ಎಂದು ಒಳಗೊಳಗೇ ಚುಕ್ತಾ ಮಾಡಿಕೊಳ್ಳುತ್ತಿದ್ದೆ. ಅವರ ಕೊನೆಯ ಕ್ಷಮಾವಾಣಿ ನೆನಪಿದೆಯೇ? ನೀನೂ ಬಂದಿದ್ದಿ. ನಾನು ಕೈ ಮುಗಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

"ವರ್ಷಾ ವರ್ಷಾ ತಪ್ಪಿನ ಇಡೀ ಗಂಟಿಗೇ ಕ್ಷಮಾ ಕೇಳ್ತೀಯಲ್ಲ, ಗಂಟು ಬಿಚ್ಚಿ ಒಂದರ ತೋರಿಸು. ಏನ್ ತಪ್ಪು ಮಾಡೀದಿ ನನಗ? ಹೇಳು, ಮಾಫ್ ಮಾಡ್ತೇನಿ."

ನೀನು ನಗುತ್ತ, "ಹೇಳ್ರಿ ಕಾಕು, ಸಿಕ್ಕೊಂಡ್ರಿ!" ಅಂದೆ. ಅವರ ಕೈ ಬೆಚ್ಚಗಿತ್ತು. ಕಣ್ಣಿನಲ್ಲಿ ಚೇಷ್ಟೆ ಬಿಟ್ಟರೆ ಏನೂ ಇರಲಿಲ್ಲ. ಗೊತ್ತಿದ್ದು ಕೇಳಿದವರಲ್ಲ ಅವರು. ಬಾಗಿಲು ತೆರೆದೇ ಇತ್ತು. ಒಂದು ಹೆಜ್ಜೆ —

"ನಿನ್ನಿ ಅವಲಕ್ಕ್ಯಾಗ ಉಪ್ಪು ಹೆಚ್ಚಿಗಿ ಹಾಕಿದ್ನಿರಿ."

"ಹೋಗ, ಮಾಫ್!" ಅಂದರು. ಮೂವರೂ ನಕ್ಕೆವು.

ನನಗೆ ಸಿಕ್ಕಿರುವ ಕ್ಷಮೆ ಉಪ್ಪಿನದ್ದೊಂದೇ ತ್ರಿಶಲಾ. ಉಳಿದದ್ದನ್ನು ಕೊಡುವವರು ಈಗಿಲ್ಲ. ಅವರ ಪರವಾಗಿ ನೀನು ಕೊಡಬೇಡ. ಅದು ನಿನ್ನ ಕೈಯಲ್ಲಿಲ್ಲ, ನಾನು ಕೇಳುವುದೂ ಇಲ್ಲ. ಜಪಕ್ಕೆ ಕೂತರೂ ಈಗ ನನಗೆ ಆ ಖೋಲಿಯ ಕಿಟಕಿಯೇ ಕಾಣುತ್ತದೆ. ಮುಂದೆಯೂ ಅದೇ ಕಾಣುತ್ತದೆ, ಗೊತ್ತಿದೆ.

ನಾಳೆ ಬೆಳಗಿನ ಬಸ್ಸಿಗೆ ಜಮಖಂಡಿಗೆ ಬಂದು, ಅಲ್ಲಿಂದ ಬೀಳಗಿಗೆ ಬರುತ್ತೇನೆ. ಬಾಯಿಂದಲೇ ಹೇಳುತ್ತೇನೆ. ಬಾಯಿ ಮತ್ತೆ ಒಲೆ, ಬ್ಯಾಳಿ, ಉಪ್ಪು ಎಂದು ಶುರು ಮಾಡಿದರೆ ಈ ಹಾಳೆಗಳನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವ ತನಕ ಎದುರಿಗೆ ಕೂತಿರುತ್ತೇನೆ. ನೀನು ಏಳು, ಹೋಗು ಅಂದರೆ ಏಳುತ್ತೇನೆ.

ಆ ಉಪವಾಸ ಬಿಡು, ಮಗಳೇ. ಅಂಥ ಕರ್ಮ ನಿಮ್ಮವ್ವನಿಗಿರಲಿಲ್ಲ, ನಿನಗೆಲ್ಲಿಂದ ಬರಬೇಕು? ಹೊಟ್ಟೆ ತುಂಬ ಊಟ ಮಾಡು. ಆ ಬೆಟ್ಟಕ್ಕೆ ಶಕ್ತಿ ಬೇಕು.

ಇನ್ನೊಂದು. "ಅಲ್ಲಿ ಏರಿಸಾಕ ಅಕ್ಕಿ ನೀವ ಆರಿಸಿ ಕೊಡ್ರಿ ಕಾಕು, ಅಷ್ಟಾಪದಕ್ಕ ಹೋಗಿ ಬಂದ ಕೈ ನಿಮ್ದು" ಎಂದು ನೀನು ಅಂದಿದ್ದೆ. ಮೊರದ ತುಂಬ ಅಕ್ಕಿ ಹಾಕಿಕೊಂಡು ಕೂತೆ. ಒಂದು ಕಾಳೂ ಆರಿಸಲಾಗಲಿಲ್ಲ. ಹಾಗೇ ಡಬ್ಬಿಗೆ ಸುರಿದುಬಿಟ್ಟೆ. ನೀನೇ ಆರಿಸಿಕೋ. ಅಲ್ಲಿ ಏರಿಸುವಾಗ ನಿಮ್ಮವ್ವನ ಹೆಸರನ್ನು ಬಾಯಿಬಿಟ್ಟು ಹೇಳು. ಅಲ್ಲಿ ಅದನ್ನು ಇನ್ನೂ ಯಾರೂ ಹೇಳಿಲ್ಲ.