ಗಿರಣಿ ಧನ್ಯಣ್ಣನ ನಡುಗುವ ಸ್ವರ

ಮೂಡಲಗಿಯಲ್ಲಿ ಹಿಟ್ಟಿನ ಗಿರಣಿಗಳಿಗೆ ಬರವಿಲ್ಲ. ಆದರೆ ಜೋಳದ ಡಬ್ಬಿ ತಂದವರು ಹಿಟ್ಟು ಬೀಸಿಯಾದ ಮೇಲೂ ಮನೆಗೆ ಹೋಗದೆ ಕಟ್ಟೆಯ ಮೇಲೆ ಕುಳಿತುಬಿಡುವ ಗಿರಣಿ ಒಂದೇ ಒಂದಿತ್ತು. ಅದು ಧನ್ಯಕುಮಾರನದು. ಊರಿಗೆಲ್ಲ ಅವನು ಗಿರಣಿ ಧನ್ಯಣ್ಣ. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲವೂ ಸದಾ ಹಿಟ್ಟಿನಿಂದ ಬೆಳ್ಳಗಿರುತ್ತಿದ್ದ ಕಾರಣ ಅವನಿಗೆ ನಿಜವಾಗಿ ತಲೆ ನರೆತದ್ದು ಯಾವಾಗ ಎಂದು ಯಾರಿಗೂ ಗೊತ್ತಾಗಲೇ ಇಲ್ಲ. ಕರೆಂಟು ಹೋದರೆ ಉಳಿದ ಗಿರಣಿಯವರು ಬೈಯುತ್ತ ಕೂರುತ್ತಿದ್ದರು. ಇವನು ಮಾತ್ರ ಕೈ ಝಾಡಿಸಿ, ಒಳಗಿನ ಕೋಣೆಯಿಂದ ಗಿಟಾರು ತಂದು, ಮಗುವನ್ನು ಮಲಗಿಸಿಕೊಂಡ ಹಾಗೆ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಬಾರಿಸಲು ಶುರು ಮಾಡುತ್ತಿದ್ದ. ಕರೆಂಟು ಹೋದರೆ ಖುಷಿಪಡುವ ಮನುಷ್ಯ ನಮ್ಮೂರಲ್ಲಿ ಅವನೊಬ್ಬನೇ.

ನಾನು ಕೇದಾರಿ. ಆಗ ಊರಿನ ಕೇಬಲ್ ಟಿವಿ ನನ್ನದು. ಕರೆಂಟು ಹೋದರೆ ಜನ ನನಗೂ ಬೈಯುತ್ತಿದ್ದರು, ಕರೆಂಟನ್ನು ನಾನೇ ತಿಂದು ಕೂತವನ ಹಾಗೆ. ಫೋನು ಎತ್ತಿ ಸಾಕಾಗಿ ನಾನೂ ಹೋಗಿ ಗಿರಣಿಯ ಕಟ್ಟೆ ಸೇರುತ್ತಿದ್ದೆ. ಹೀಗೆ ಧನ್ಯಣ್ಣನ ಬೆನ್ನು ಹತ್ತಿದವನು ನಾನು.

ಗಿಟಾರು ಅವನಿಗೆ ಸಿಕ್ಕಿದ್ದೂ ಹಾಗೇ, ಬಯಸದೆ. ಹರೆಯದಲ್ಲಿ ಅಪ್ಪನ ಅರಿಷಿಣದ ಚೀಲಗಳ ಜೊತೆ ಸಾಂಗಲಿ ಪೇಟೆಗೆ ಹೋದವನು, ಬರುವಾಗ ಮಿರಜದಲ್ಲಿ ಇಳಿದು ತಂಬೂರಿ ಮಾಡುವವರ ಓಣಿಯಲ್ಲಿ ಸುಮ್ಮನೆ ಅಡ್ಡಾಡಿದ. ಯಾರೋ ರಿಪೇರಿಗೆ ಬಿಟ್ಟುಹೋಗಿ ತಿರುಗಿ ನೋಡದ ಹವಾಯಿ ಗಿಟಾರೊಂದು ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಅಂಗಡಿಯವನು ಅದನ್ನು ತೊಡೆಯ ಮೇಲೆ ಮಲಗಿಸಿ, ತಂತಿಯನ್ನು ಬೆರಳಿಂದ ಒತ್ತದೆ, ಒಂದು ಉಕ್ಕಿನ ತುಂಡನ್ನು ಅದರ ಮೇಲೆ ಜಾರಿಸಿ ತೋರಿಸಿದ. ಅಷ್ಟಕ್ಕೇ ಧನ್ಯಣ್ಣ ಕೆಟ್ಟ. ಅರಿಷಿಣ ಮಾರಿದ್ದರಲ್ಲೇ ಅದನ್ನು ಕೊಂಡು ಮನೆಗೆ ಬಂದ. ಅಪ್ಪ ಎಷ್ಟೋ ದಿನ ಮಾತು ಬಿಟ್ಟಿದ್ದರಂತೆ. ಉಕ್ಕಿನ ತುಂಡು ಅಂಗಡಿಯವನು ಕೊಟ್ಟಿರಲಿಲ್ಲವಾದ್ದರಿಂದ, ಗಿರಣಿಯ ಹಳೇ ಶಾಫ್ಟನ್ನು ಗೋಕಾಕಕ್ಕೆ ಒಯ್ದು, ಬೆರಳುದ್ದ ಕತ್ತರಿಸಿ ನುಣುಪು ಮಾಡಿಸಿಕೊಂಡ.

ಗುರು ಎಂದರೆ ರೇಡಿಯೊ. ದೂರದ ಸ್ಟೇಷನ್ನಿನವರು ವಾರ್ತೆಗೆ ಮುಂಚೆ ಸಮಯ ತುಂಬಿಸಲು ಗಿಟಾರಿನಲ್ಲಿ ಬಾರಿಸಿದ ಸಿನಿಮಾ ಹಾಡು ಹಾಕುತ್ತಿದ್ದರಲ್ಲ, ಅದಕ್ಕೇ ಕಿವಿ ಹಚ್ಚಿ ಕಲಿತ. ಆ ಸ್ಟೇಷನ್ನಿನ ದನಿಯೋ, ಒಮ್ಮೆ ಹತ್ತಿರ ಬರುವುದು, ಒಮ್ಮೆ ದೂರ ಸರಿಯುವುದು, ನೀರೊಳಗಿಂದ ಹಾಡಿದ ಹಾಗೆ ಅಲ್ಲಾಡುವುದು. ಧನ್ಯಣ್ಣನ ಕೈಯಲ್ಲೂ ಪ್ರತಿ ಸ್ವರ ಕೊನೆಗೆ ಬರುವಾಗ ಸಣ್ಣಗೆ ನಡುಗುತ್ತಿತ್ತು. ತಕರಾರು ಇದ್ದದ್ದೇ ಅಲ್ಲಿ.

ತಕರಾರು ತೆಗೆದವರು ಭೂಪಾಲ ಕಾಕಾ. ಬಟ್ಟೆ ಅಂಗಡಿಯ ಸಾವಕಾರರು, ಜೊತೆಗೆ ನಮ್ಮ ಕಡೆಯ ಬಸದಿಗಳ ಪೂಜೆಗೆ ಹಾಡುವ ಸಂಗೀತ ಪಾರ್ಟಿಯ ಮುಖ್ಯಸ್ಥರು. ಘೋಡಗೇರಿಯಿಂದ ಹುಕ್ಕೇರಿಯವರೆಗೆ ಯಾವ ಊರಲ್ಲಿ ದೊಡ್ಡ ಪೂಜೆ ಇದ್ದರೂ ಅವರ ಹಾರ್ಮೋನಿಯಂ ಪೆಟ್ಟಿಗೆ, ಅವರ ಕಂಠ. ಪಾರ್ಟಿಯಲ್ಲಿ ಧನ್ಯಣ್ಣನ ಗಿಟಾರಿಗೂ ಹದಿನೆಂಟು ವರ್ಷಗಳಿಂದ ಒಂದು ಜಾಗವಿತ್ತು, ಜೊತೆಗೆ ಹದಿನೆಂಟು ವರ್ಷಗಳಿಂದ ಬೈಗಳವೂ ಇತ್ತು.

“ಸ್ವರಾ ನೆಟ್ಟಗ ನಿಲ್ಲಬೇಕೋ ಧನ್ಯಾ! ಅದೇನ ಚಳಿಜ್ವರಾ ಬಂದವರಂಗ ನಡಗಸ್ತಿ?”

“ಈ ವಾದ್ಯದ ಸ್ವಭಾವನ ಹಂಗ ಐತ್ರಿ ಕಾಕಾ.”

“ವಾದ್ಯದ್ದಲ್ಲ, ನಿನ್ನ ರೇಡಿಯೋದ ಸ್ವಭಾವ. ಗಾಳ್ಯಾಗ ಅಲ್ಲಾಡಿ ಬಂದದ್ದನ್ನ ನೀ ಸಂಗೀತ ಅಂತ ಕಲತಿ. ರೇಡಿಯೋದ ರೋಗ ನಿನ್ನ ಕೈಗಿ ಹತ್ತೇತಿ.”

ಎಲ್ಲರೂ ನಗುತ್ತಿದ್ದರು. ಧನ್ಯಣ್ಣನೂ ನಗುತ್ತಿದ್ದ. ಆದರೆ ಗಿರಣಿಗೆ ಬಂದು ಒಬ್ಬನೇ ಕುಳಿತಾಗ ಆ ಮಾತು ಅವನನ್ನು ಕೊರೆಯುತ್ತಿತ್ತು. ಒಮ್ಮೆ ನನ್ನ ಮುಂದೆ ಬಾಯಿಬಿಟ್ಟ: “ಕೇದಾರಿ, ಕಾಕಾ ಹೇಳೂದು ಖರೇನೂ ಇರಬೌದೋ. ಈ ನಡಗೂದು ಗಿಟಾರದ್ದೋ, ರೇಡಿಯೋದ್ದೋ, ನನಗೂ ಗೊತ್ತಿಲ್ಲ.” ಜೀವಮಾನವೆಲ್ಲ ಪ್ರೀತಿಯಿಂದ ಮಾಡಿದ ಕೆಲಸ ಸರಿಯೋ ತಪ್ಪೋ ಎಂದು ಕೇಳಲು ಒಬ್ಬ ಮನುಷ್ಯನಾದರೂ ಬೇಡವೇ?

ಅರಭಾವಿಯ ತೋಟಗಾರಿಕೆ ಕಾಲೇಜಿನ ಮಹಾಂತೇಶ ಸರ್ ನಮ್ಮೂರಲ್ಲೇ ಬಾಡಿಗೆಗಿದ್ದರು. ಧನ್ಯಣ್ಣನ ಗಿರಣಿಯ ಗಿರಾಕಿ. ಒಂದು ದಿನ ಗೋದಿ ಇಳಿಸುತ್ತ, ಪಪ್ಪಾಯಿಯ ತರಬೇತಿಗೆ ತಮ್ಮನ್ನು ಹವಾಯಿ ದ್ವೀಪಕ್ಕೆ ಕಳಿಸುತ್ತಿದ್ದಾರೆ ಎಂದರು. ಧನ್ಯಣ್ಣನ ಕೈಯಿಂದ ಹಿಟ್ಟಿನ ಜರಡಿ ಬಿತ್ತು.

“ಸರ್, ನನಗ ಮತ್ತೇನೂ ಬ್ಯಾಡ್ರಿ. ಅಲ್ಲಿ ಮಂದಿ ಗಿಟಾರ ಹೆಂಗ ಬಾರಸ್ತಾರ, ಅದನಷ್ಟು ತರ್ರಿ.”

ಸರ್ ಹೋದರು. ಅವರು ಬರುವಷ್ಟರಲ್ಲಿ ಭೂಪಾಲ ಕಾಕಾ ಪುಣೆಯಿಂದ ಹೊಸ ಕೀಬೋರ್ಡ್ ತಂದರು. ಒಂದು ಗುಂಡಿ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಪಿಟೀಲು, ಮತ್ತೊಂದು ಒತ್ತಿದರೆ ಸಾಕ್ಷಾತ್ ಹವಾಯಿ ಗಿಟಾರು, ಅದೂ ನಡುಗದ ಗಿಟಾರು. ಹುಕ್ಕೇರಿಯಲ್ಲಿ ಎಂಟು ದಿನದ ಸಿದ್ಧಚಕ್ರ ಪೂಜೆ ಹತ್ತಿರ ಬಂದಿತ್ತು. ಕಾಕಾ ಗಿರಣಿಯ ಬಾಗಿಲಲ್ಲಿ ನಿಂತೇ ಹೇಳಿದರು: “ಧನ್ಯಾ, ಹುಕ್ಕೇರಿಗಿ ಬಾ. ಗಿಟಾರ ಮನ್ಯಾಗ ಬಿಟ್ಟ ಬಾ. ನೀ ತಾಳಾ ಹಾಕು.”

ಅಂದು ಕರೆಂಟು ಹೋದಾಗ ಧನ್ಯಣ್ಣ ಗಿಟಾರು ತರಲಿಲ್ಲ. ಕಟ್ಟೆಯ ಮೇಲೆ ಕೂತವರು ಸ್ವಲ್ಪ ಹೊತ್ತು ಕಾದು, ಡಬ್ಬಿ ಎತ್ತಿಕೊಂಡು ಎದ್ದು ಹೋದರು.

ಪೂಜೆಗೆ ಮೂರು ದಿನ ಇರುವಾಗ ಮಹಾಂತೇಶ ಸರ್ ಬಂದರು. ಕ್ಯಾಸೆಟ್ಟು ತರುತ್ತಾರೆಂದು ನಾವು ಕಾದಿದ್ದೆವು. ಅವರು ಚೀಲದಿಂದ ತೆಗೆದದ್ದು ಥಳಥಳ ಹೊಳೆಯುವ ಒಂದು ಸಿಡಿ. ಅಲ್ಲಿಯ ಅಂಗಡಿಯವರು ಹಳೇ ಕಾಲದ ಗ್ರಾಮಫೋನ್ ತವೆಗಳ ಹಾಡುಗಳನ್ನೆಲ್ಲ ಈಗ ಇದಕ್ಕೇ ಏರಿಸುತ್ತಿದ್ದಾರಂತೆ. “ಇದರೊಳಗೆ ಗಾಳಿಯ ಗದ್ದಲ ಇಲ್ಲ. ಅಲ್ಲಿ ಬಾರಿಸಿದ್ದು ಇಲ್ಲಿ ಹಾಗೇ ಕೇಳುತ್ತದೆ,” ಎಂದರು. ಧನ್ಯಣ್ಣ ಅದನ್ನು ಎರಡೂ ಅಂಗೈಯಲ್ಲಿ ಪ್ರಸಾದ ತೆಗೆದುಕೊಂಡ ಹಾಗೆ ತೆಗೆದುಕೊಂಡ. ತೆಗೆದುಕೊಂಡ ಮೇಲೆ ಅವನೂ ನಾನೂ ಮುಖ ಮುಖ ನೋಡಿಕೊಂಡೆವು. ಇದನ್ನು ಹಾಕುವುದು ಎಲ್ಲಿ?

ಊರಿನಲ್ಲಿ ಸಿಡಿ ಹಾಡುವ ಯಂತ್ರ ನನಗೆ ಗೊತ್ತಿದ್ದಂತೆ ಒಂದೇ ಇತ್ತು, ಅದು ನನ್ನ ಆಫೀಸಿನಲ್ಲಿತ್ತು. ಆ ವರ್ಷವೇ ಬೆಳಗಾವಿಯಿಂದ ತಂದು, ಊರಿಗೆ ದಿನಾ ಎರಡು ಸಿನಿಮಾ ತೋರಿಸುತ್ತಿದ್ದೆ. ಅದರ ವೈರು ನೆಟ್ಟಗೆ ಕೇಬಲ್ಲಿಗೆ ಹೋಗಿತ್ತು. ಜೋಡಿಸಿಕೊಟ್ಟವನು, ಒಂದು ವೈರು ಮುಟ್ಟಿದರೂ ಇಡೀ ಊರಿನ ಟಿವಿ ಬಂದ್ ಆಗುತ್ತದೆ ಎಂದು ಹೆದರಿಸಿ ಹೋಗಿದ್ದ. ಅಂದರೆ ಧನ್ಯಣ್ಣ ಸಿಡಿ ಕೇಳಬೇಕಾದರೆ ಮೂಡಲಗಿಯೇ ಕೇಳಬೇಕು.

ಮರುದಿನ ಮಧ್ಯಾಹ್ನದ ಸಿನಿಮಾ ಮುಗಿಯುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಮೆಟ್ಟಿಲು ಹತ್ತಿ ಬಂದರು. ಅವನ ಹೆಂಡತಿ ಇಂದ್ರವ್ವ ವೈನಿ ಸಿಡಿಯನ್ನು ಡಬ್ಬಿಯ ಸಮೇತ ಬಸದಿಗೆ ಒಯ್ಯುವ ರೇಶಿಮೆ ವಸ್ತ್ರದಲ್ಲಿ ಸುತ್ತಿ ಎದೆಗವಚಿ ಹಿಡಿದಿದ್ದರು. ವೈರಿನ ಸಂಗತಿ ಹೇಳಿದ್ದೇ ಧನ್ಯಣ್ಣನ ಬಣ್ಣ ಇಳಿಯಿತು.

“ಊರ ಮಂದಿ ಎಲ್ಲಾ ಕೇಳ್ತಾರೇನೋ? ಅದರಾಗ ನೆಟ್ಟಗ ಬಾರಿಸಿದ್ರಂದ್ರ? ನಂದ ತಪ್ಪ ಅಂತ ಆದ್ರಂದ್ರ?”

ಉತ್ತರ ಕೊಟ್ಟದ್ದು ವೈನಿ: “ಇಷ್ಟ ವರ್ಷ ಮನ್ಯಾಗ ನಾ ಒಬ್ಬಾಕಿನ ಕೇಳೇನಿ. ತಪ್ಪಿದ್ರ ಊರ ಮಂದೀನೂ ಒಂದ ದಿನಾ ಕೇಳ್ಲಿ. ಹಾಕ್ರಿ ಕೇದಾರಿ.”

ಹಾಕಿದೆ. ಯಂತ್ರ ಗಿರ್ರೆಂದು ತಿರುಗಿ, ಒಳಗೆ ಡಿಸ್ಕೇ ಇಲ್ಲ ಎಂದು ಇಂಗ್ಲಿಷಿನಲ್ಲಿ ತೋರಿಸಿತು. ಮತ್ತೆ ಹಾಕಿದೆ, ಮತ್ತೆ ಅದೇ. ಹೊರತೆಗೆದು ತಿರುವಿ ನೋಡಿದರೆ ಹೊಳೆಯುವ ಬದಿಯ ತುಂಬ ಕುಂಕುಮದಲ್ಲಿ ಬರೆದ ಸ್ವಸ್ತಿಕ!

“ವೈನಿ, ಇದೇನ್ರೀ ಇದು?”

“ಹೊಸಾ ಸಾಮಾನ ಮನಿಗಿ ಬಂದ್ರ ಪೂಜಾ ಮಾಡೂದಿಲ್ಲೇನು?”

“ಆ ಮಗ್ಗಲಿಗೆ ಮಾಡಬೇಕಿಲ್ರೀ? ಹಾಡ ಇರೂದು ಈ ಕಡೆ!”

“ಆ ಮಗ್ಗಲಿಗೆ ಚಿತ್ರದಾಗ ಅರ್ಧಾ ಮೈ ಬಿಟ್ಕೊಂಡ ಯಾವಾಕಿನೋ ಕುಣ್ಯಾಕತ್ತಾಳ. ಆಕಿ ಮ್ಯಾಲ ಸ್ವಸ್ತಿಕ ಬರೀಲೇನು?”

ವಾದ ಮಾಡಿ ಗೆಲ್ಲುವಂತಿರಲಿಲ್ಲ. ಕುಡಿಯುವ ನೀರಿನಲ್ಲಿ ತೊಳೆದು, ಧನ್ಯಣ್ಣನ ಧೋತರದ ಚುಂಗಿನಿಂದ ಒರೆಸಿದೆವು. ಕುಂಕುಮದ ಕಣ ಎಳೆದ ಒಂದೆರಡು ಗೀರು ಉಳಿದೇ ಉಳಿದವು. ಅಷ್ಟರಲ್ಲಿ ಖಾಲಿ ಪರದೆ ನೋಡಿ ಬೇಸತ್ತ ಊರು ಫೋನು ಬಾರಿಸಲು ಶುರುಮಾಡಿತ್ತು. ನಾನು ಎತ್ತಲಿಲ್ಲ. ಮೂರನೇ ಸಲ ಒಳಗೆ ತಳ್ಳಿದೆ.

ಟಿವಿಯ ಪರದೆ ನೀಲಿಯಾಯಿತು. ಚಿತ್ರವಿಲ್ಲ, ಅಕ್ಷರವಿಲ್ಲ, ಬರೀ ನೀಲಿ. ಆಮೇಲೆ ಒಂದು ತಂತಿ ಮೀಟಿದ ಸದ್ದು. ಉಕ್ಕು ಕೆಳಗಿನಿಂದ ನುಣ್ಣಗೆ ಜಾರಿ ಮೇಲೆ ಹತ್ತಿತು, ಹತ್ತಿ ಒಂದು ಕಡೆ ನಿಂತಿತು, ನಿಂತು...

“ನಡಗಿಸಿದಾ!” ಧನ್ಯಣ್ಣ ಚೀರಿದ. ನನ್ನ ರಟ್ಟೆಯನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಅಂಗಿಯ ಮೇಲೆ ಐದೂ ಬೆರಳಿನ ಹಿಟ್ಟು ಮೂಡಿತ್ತು. “ಕೇದಾರಿ, ನಡಗಿಸಿದಾ! ಕೇಳಿದಿಲ್ಲೋ? ಏ ಇವಳ, ನಡಗಿಸಿದಾ ಅವಾ!”

ಅವನು ಎದ್ದ, ಕೂತ, ಮತ್ತೆ ಎದ್ದ. ಸಣ್ಣ ಹುಡುಗರ ಹಾಗೆ ನಗುತ್ತಿದ್ದ, ಕಣ್ಣಿಂದ ಇಳಿದ ನೀರು ಹಿಟ್ಟಿನ ಕೆನ್ನೆಯ ಮೇಲೆ ಗೆರೆ ಕೊರೆಯುತ್ತಿತ್ತು. “ಯಾಂವ ಪುಣ್ಯಾತ್ಮನೋ, ಯಾವ ಸಮುದ್ರದಾಚಿಗಿ ಇದ್ದಾನೋ. ನಾ ಒಬ್ಬಾವನ ಅಲ್ಲೋ ಕೇದಾರಿ!” ಅಷ್ಟು ಸಂತೋಷ ನನಗೆ ಯಂತ್ರ ಕೊಂಡ ದಿನವೂ ಆಗಿರಲಿಲ್ಲ.

ಮೂರನೇ ಹಾಡಿನಲ್ಲಿ ಗೀರು ತನ್ನ ಗುಣ ತೋರಿಸಿತು. ಉಕ್ಕು ಜಾರಿ ಮೇಲೆ ಹತ್ತಿ, ನಿಂತು, ನಡುಗಿ, ಮತ್ತೆ ಹಿಂದಕ್ಕೆ ಹಾರಿ, ಜಾರಿ, ನಿಂತು, ನಡುಗಿ, ಮತ್ತೆ ಹಿಂದಕ್ಕೆ. ಸಿಡಿ ಸಿಕ್ಕಿಕೊಂಡಿತ್ತು. ಗುಂಡಿ ಒತ್ತಲು ಹಾರಿದ ನನ್ನ ಕೈಯನ್ನು ಧನ್ಯಣ್ಣ ಹಿಡಿದ. “ಬಿಡೋ. ಇನ್ನೊಂದೀಟ ಇರ್ಲಿ.”

ಫೋನು ಎತ್ತಿದೆ. “ಧನ್ಯಣ್ಣನ್ನ ಟಿವ್ಯಾಗ ಕುಂಡರಿಸೀರಿ ಖರೆ, ಮಾರಿ ಯಾಕ ಕಾಣವಲ್ದು?” ಎಂದು ಒಂದು ಹೆಣ್ಣು ದನಿ. ಇಟ್ಟ ಕೂಡಲೇ ಇನ್ನೊಬ್ಬರು: “ಒಂದ ಕಡೆ ನಿಂತಬಿಟ್ಟಾನಲ್ರೀ, ಮುಂದಿಂದ ಮರತನೇನು? ಒಂದೀಟ ಚಾ ಕುಡಸ್ರಿ ಅವಗ.” ಇಡೀ ಊರು ಅದು ಧನ್ಯಣ್ಣನೇ ಎಂದು ತಿಳಿದಿತ್ತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಭೂಪಾಲ ಕಾಕಾ. ಅವರ ಅಂಗಡಿಯಲ್ಲೂ ಟಿವಿ ಇತ್ತಲ್ಲ. ಒಳಗೆ ಕಾಲಿಡುವ ಮೊದಲೇ ಕೂಗಾಡಿದರು.

“ಧನ್ಯಾ! ತಾಳಾ ಹಾಕಂದಿದ್ದಕ್ಕ ಊರ ಮುಂದ ಕುಂತ ನನ್ನ ಅಣಕಸ್ತೀಯೇನು? ನಡಗಸಬ್ಯಾಡಂದ್ರ ಮತ್ತ ಮತ್ತ ಅದನ್ನ ನಡಗಸ್ತಿ! ಹದಿನೆಂಟ ವರ್ಷ ಬಾಜೂಕ ಕುಂತ ಕೇಳೇನಿ, ನಿನ್ನ ಕೈ ನನಗ ಗೊತ್ತಾಗೂದಿಲ್ಲೇನು?”

ಬಾಗಿಲಿಗೆ ಬಂದು ನಿಂತರು. ಧನ್ಯಣ್ಣ ಬರಿಗೈಯನ್ನು ತೊಡೆಯ ಮೇಲಿಟ್ಟು ಕುಳಿತಿದ್ದ. ಸ್ವರ ಇನ್ನೂ ನಡುಗುತ್ತಲೇ ಇತ್ತು.

“ಗಿಟಾರ ಎಲ್ಲಿ?”

“ಗಿರಣ್ಯಾಗ ಐತ್ರಿ ಕಾಕಾ.”

“ಮತ್ತ ಇದು?”

ನಾನು ಸಿಡಿಯ ಡಬ್ಬಿ ಕೊಟ್ಟೆ. ಅದರ ಮೇಲೂ ಇದ್ದ ಕುಣಿಯುವವಳನ್ನು ನೋಡಿ ಕಾಕಾ ಮುಖ ತಿರುಗಿಸಿದರು, ಮತ್ತೊಮ್ಮೆ ನೋಡಿದರು, ಆಮೇಲೆ ಡಬ್ಬಿ ತಿರುವಿದರು. ಹಿಂದೆ ಒಂದು ಹಳೇ ಫೋಟೊ ಇತ್ತು. ಕೋಟು ತೊಟ್ಟ ಕಪ್ಪನೆಯ ಮನುಷ್ಯನೊಬ್ಬ ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕುಳಿತಿದ್ದ.

“ಅವರೂರಾಗೂ ಹಿಂಗ ಬಾರಸ್ತಾರ್ರಿ,” ಎಂದ ಧನ್ಯಣ್ಣ ಮೆಲ್ಲಗೆ. “ಇದರಾಗ ರೇಡಿಯೋ ಇಲ್ರಿ ಕಾಕಾ.”

ಕಾಕಾ ಸ್ಟೂಲಿನ ಮೇಲೆ ಕುಳಿತರು. ನಾನು ಗುಂಡಿ ಒತ್ತಿ ಮುಂದಿನ ಹಾಡಿಗೆ ದಾಟಿಸಿದೆ. ಸಿಡಿ ಮುಗಿಯುವವರೆಗೆ ಅವರು ಕದಲಲಿಲ್ಲ. ಮುಗಿದ ಮೇಲೆ ಟೋಪಿ ಸರಿಮಾಡಿಕೊಂಡು, “ಬರ್ತೇನಿ” ಎಂದಷ್ಟೇ ಹೇಳಿ ಇಳಿದು ಹೋದರು. ಗಿಟಾರು ತಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಒಂದು ಮಾತು ಆಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಹುಕ್ಕೇರಿಯ ಪೂಜೆಯ ವಿಡಿಯೊ ತೆಗೆಯುವ ಕೆಲಸ ನನಗೇ ಬಂದಿತ್ತು. ಧನ್ಯಣ್ಣ ಗಿಟಾರನ್ನು ಚಾದರದಲ್ಲಿ ಸುತ್ತಿ ತಂದು ಬೆನ್ನ ಹಿಂದೆ ಇಟ್ಟುಕೊಂಡು, ಕೈಯಲ್ಲಿ ತಾಳ ಹಿಡಿದು ವೇದಿಕೆಯ ಅಂಚಿಗೆ ಕುಳಿತಿದ್ದ. ಮಂಟಪ ಕಿಕ್ಕಿರಿದಿತ್ತು. ಇಂದ್ರ ಇಂದ್ರಾಣಿಯರಾಗಿ ಕೇಸರಿ ಉಟ್ಟು ಕಿರೀಟ ತೊಟ್ಟ ಗಂಡಸರು ಹೆಂಗಸರು ಸಾಲಾಗಿ ನಿಂತು, ಅರ್ಘ್ಯ ಏರಿಸಿ, ಹಾಡಿಗೆ ಹೆಜ್ಜೆ ಹಾಕಲು ಕಾದಿದ್ದರು. ಕಾಕಾ ಕೀಬೋರ್ಡಿನ ಗಿಟಾರಿನ ಗುಂಡಿ ಒತ್ತಿ ಶುರುಮಾಡಿದರು. ಸ್ವರ ಏರಿತು. ನಿಂತಿತು. ಕಟ್ಟಿಗೆಯ ಹಾಗೆ ನೆಟ್ಟಗೆ ನಿಂತಿತು. ಕಾಕಾ ತಲೆ ಅಲ್ಲಾಡಿಸಿದರು. ಇನ್ನೊಮ್ಮೆ ಬಾರಿಸಿದರು. ಆಮೇಲೆ ಕೈ ತೆಗೆದುಬಿಟ್ಟರು.

ಕಾಕಾ ಮೈಕಿಗೆ ಅಂಗೈ ಅಡ್ಡ ಹಿಡಿದು ಹಿಂದಕ್ಕೆ ತಿರುಗಿದರು. ಅಡ್ಡ ಹಿಡಿದರೂ ಮಾತು ಎಲ್ಲರಿಗೂ ಕೇಳಿಸಿತು.

“ಧನ್ಯಾ, ತಾಳಾ ಕೆಳಗಿಡು. ಚಾದರ ಬಿಚ್ಚು. ಇಲ್ಲಿ ನಡಗಸಬೇಕು, ನಡಗಸು.”

ಧನ್ಯಣ್ಣ ಗಿಟಾರನ್ನು ತೊಡೆಯ ಮೇಲೆ ಮಲಗಿಸಿದ. ಗಿರಣಿಯ ಶಾಫ್ಟಿನ ತುಂಡನ್ನು ತಂತಿಯ ಮೇಲಿಟ್ಟು ಜಾರಿಸಿ, ಮೇಲೆ ಹತ್ತಿಸಿ, ನಿಲ್ಲಿಸಿ, ಹದಿನೆಂಟು ವರ್ಷ ಬೈಸಿಕೊಂಡ ಆ ಸ್ವರವನ್ನು ಮನಸಾರೆ ನಡುಗಿಸಿದ. ಇಂದ್ರಾಣಿಯರ ಸಾಲಿನಲ್ಲಿ ಮೊದಲು ಹೆಜ್ಜೆ ಎತ್ತಿದವರು ಇಂದ್ರವ್ವ ವೈನಿ.

ಆ ವಿಡಿಯೊ ಇನ್ನೂ ನನ್ನ ಹತ್ತಿರ ಇದೆ. ಅಲ್ಲಿಂದ ಮುಂದೆ ಚಿತ್ರವೆಲ್ಲ ಅಲ್ಲಾಡುತ್ತದೆ. ಕ್ಯಾಮೆರಾ ಕೆಟ್ಟಿತ್ತೇನು ಎಂದು ನೋಡಿದವರು ಕೇಳುತ್ತಾರೆ. ಕ್ಯಾಮೆರಾ ಚೆನ್ನಾಗಿಯೇ ಇತ್ತು, ಹಿಡಿದವನು ನಾನು.