ಅನುಮಾನದ ಮೇಷ್ಟ್ರ ಹೆಬ್ಬೆರಳು

ಹವ್ಯಾಸಿ ಕಾರು ಓಟದ ಕ್ಷೇತ್ರದಲ್ಲಿ ಗೆದ್ದವರ ಹೆಸರು ಫಲಕವೇರುತ್ತದೆ, ಸೋತವರ ಹೆಸರು ಚಹಾದಂಗಡಿಯ ಹರಟೆಯಲ್ಲಾದರೂ ಉಳಿಯುತ್ತದೆ. ಆದರೆ ಗೆದ್ದವರೂ ಸೋತವರೂ ಸಂಜೆ ತಂತಮ್ಮ ಮನೆಯ ಬಾಗಿಲು ತಟ್ಟುವಂತೆ ನೋಡಿಕೊಂಡವರ ಹೆಸರನ್ನು ಕೇಳುವವರಿಲ್ಲ. ಅಂಥವರಲ್ಲಿ ಅಗ್ರಗಣ್ಯರು, ಇಪ್ಪತ್ತೊಂಬತ್ತು ವರ್ಷ ನಮ್ಮ ಕ್ಲಬ್ಬಿನ ಸುರಕ್ಷತಾ ತಪಾಸಣೆಯ ಹೊಣೆ ಹೊತ್ತು ಕಳೆದ ಋತುವಿನ ಕೊನೆಯಲ್ಲಿ ನಿವೃತ್ತರಾದ ನಮ್ಮ ಹಿರಿಯರು. ಕ್ಲಬ್ಬಿನ ಕಡತದಲ್ಲಿ ಅವರು ಮುಖ್ಯ ತಪಾಸಕರು. ಚಾಲಕರ ಬಾಯಲ್ಲಿ ಅನುಮಾನದ ಮೇಷ್ಟ್ರು. ಆ ಅಡ್ಡಹೆಸರನ್ನು ಇಟ್ಟವರು ಯಾರೆಂಬ ವಿಷಯದಲ್ಲಿ ಮೇಷ್ಟ್ರಿಗೆ ಇಂದಿಗೂ ಮೂವರ ಮೇಲೆ ಅನುಮಾನವಿದೆ.

ಈ ಅಭಿನಂದನ ಸಂಪುಟವೂ ಆ ಅನುಮಾನದಿಂದ ಪಾರಾಗಲಿಲ್ಲ. ಸಮಿತಿಯವರು ಫೋಟೊ ಕೇಳಲು ಮನೆಗೆ ಹೋದಾಗ ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸಿ, “ಇಷ್ಟೊಂದು ಹೊಗಳೋಕೆ ಹೊರಟಿದೀರಿ ಅಂದ್ರೆ ಏನನ್ನೋ ಮುಚ್ಚಿಡ್ತಿದೀರಿ,” ಎಂದರಂತೆ. ಸಮಿತಿಯವರು ನೆಲ ನೋಡಿದರು. ಮುಚ್ಚಿಡಲು ಒಂದು ಸಂಗತಿ ಇದ್ದದ್ದು ನಿಜವೇ. “ಹೆಬ್ಬೆರಳಿನ ವಿಷಯ ಅಚ್ಚಾಗಲಿ. ಇಲ್ಲಾಂದ್ರೆ ಸಮಾರಂಭಕ್ಕೆ ನಾನು ಬರಲ್ಲ,” ಎಂದು ಅವರು ಷರತ್ತು ಹಾಕಿದರು. ಆದ್ದರಿಂದಲೇ ಈ ಲೇಖನ.

ಅಜ್ಜಿ ಹೇಳುವ ಕಥೆಯಲ್ಲಿ ರಾಕ್ಷಸನ ಪ್ರಾಣ ರಾಕ್ಷಸನ ಮೈಯಲ್ಲಿರುವುದಿಲ್ಲ. ಏಳು ಸಮುದ್ರ ದಾಟಿದರೆ ಒಂದು ಮರ, ಮರದಲ್ಲೊಂದು ಪೊಟರೆ, ಪೊಟರೆಯಲ್ಲೊಂದು ಗಿಳಿ, ಆ ಗಿಳಿಯಲ್ಲಿ ಅವನ ಪ್ರಾಣ. ಗಂಟೆಗೆ ನೂರೆಂಬತ್ತು ಕಿಲೋಮೀಟರ್ ವೇಗದಲ್ಲಿ ಗುಡುಗಿಕೊಂಡು ಹೋಗುವ ಗಾಡಿಯದೂ ಇದೇ ಕಥೆ. ಅದರ ಪ್ರಾಣ ಆರ್ಭಟಿಸುವ ಇಂಜಿನ್ನಿನಲ್ಲಿಲ್ಲ. ಸೀಟಿನ ಅಡಿಯ ಕತ್ತಲೆಯಲ್ಲಿ, ಚಾಲಕನ ಬೆಲ್ಟನ್ನು ನೆಲಕ್ಕೆ ಹಿಡಿದಿಟ್ಟಿರುವ ಒಂದು ಬೋಲ್ಟಿನಲ್ಲಿದೆ. ಅಲ್ಲಿಗೆ ಕಣ್ಣು ಹೋಗದು, ಪಾನಾ ಸರಿಯಾಗಿ ಕೂರದು. ಮೇಷ್ಟ್ರು ಹೊಟ್ಟೆಯ ಮೇಲೆ ಮಲಗಿ, ಬಲಗೈ ತೂರಿಸಿ, ಹೆಬ್ಬೆರಳನ್ನು ಬೋಲ್ಟಿನ ತಲೆಯ ಮೇಲೆ ಒತ್ತಿ, ಎಡಗೈಯಿಂದ ಬೆಲ್ಟನ್ನು ಜಗ್ಗುತ್ತಿದ್ದರು. ಕೂದಲೆಳೆಯಷ್ಟು ಅಲುಗಿದರೂ ಹೆಬ್ಬೆರಳು ಹೇಳುತ್ತಿತ್ತು. ಗಿಳಿ ಸಿಗುತ್ತಿತ್ತು.

ಹೊಟ್ಟೆಪಾಡಿಗೆ ಅವರು ಒಂಬತ್ತು ಮಹಡಿಯ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ಮೆಕ್ಯಾನಿಕ್. ಉಕ್ಕಿನ ಹಗ್ಗದ ಎಳೆ ಎಳೆಯನ್ನೂ ನಂಬದೆ ಸಂಬಳ ಪಡೆದವರು. ತಾವು ನೋಡದ ಲಿಫ್ಟಿಗೆ ಕಾಲಿಡದೆ, ಮದುವೆ ಮನೆಯೇ ಇರಲಿ, ಸಾವಿನ ಮನೆಯೇ ಇರಲಿ, ಮೆಟ್ಟಿಲು ಹತ್ತಿಕೊಂಡೇ ಹೋಗುವವರು. “ಇವರಿಗೆ ಸೊಪ್ಪಿನ ಮೇಲೂ ಅನುಮಾನ, ಸೊಪ್ಪು ತಂದವಳ ಮೇಲೂ ಅನುಮಾನ,” ಎಂದು ಅವರ ಶ್ರೀಮತಿಯವರು ಇಂದಿಗೂ ಹಂಗಿಸುವುದುಂಟು.

ಆದರೆ ಹುಟ್ಟಾ ಅನುಮಾನಿಗಳು ಯಾರೂ ಇಲ್ಲ. ಮೇಷ್ಟ್ರೂ ಒಂದು ಕಾಲಕ್ಕೆ ನಂಬಿದವರೇ.

ಕ್ಲಬ್ಬಿಗೆ ಅವರನ್ನು ಎಳೆತಂದವರು ಶ್ರೀಮತಿಯವರ ತಮ್ಮ, ಆಗಿನ ನಮ್ಮ ಅತ್ಯಂತ ವೇಗದ ಚಾಲಕರು. ಮೇಷ್ಟ್ರು ತಪಾಸಣೆಗೆ ಸೇರಿದ ಎರಡನೆಯ ವರ್ಷ ಒಂದು ಬೆಳಿಗ್ಗೆ ಭಾವಮೈದುನನ ಗಾಡಿ ಜಾಕಿಯ ಮೇಲಿತ್ತು. ಮೇಷ್ಟ್ರು ಚಕ್ರದ ನಟ್ಟುಗಳನ್ನು ಮುಟ್ಟಿ ನೋಡಿ, “ಕೆಳಗಿಳಿಸಿದ ಮೇಲೆ ಕೊನೇ ಬಿಗಿ ಹಾಕ್ಬೇಕು, ಮರೀಬೇಡ,” ಎಂದರು. “ಆಯ್ತು ಭಾವ, ಅದೂ ಹೇಳಬೇಕಾ?” ಎಂದರು ಅವರು. ಅಷ್ಟರಲ್ಲಿ ಯಾರೋ ಎಲ್ಲರನ್ನೂ ಗುಂಪು ಫೋಟೊಗೆ ಕೂಗಿದರು. ಇಬ್ಬರೂ ಹೋಗಿ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತರು. ಅವರು ಮರಳುವಷ್ಟರಲ್ಲಿ ಗಾಡಿಯನ್ನು ಬೇರೆ ಯಾರೋ ಇಳಿಸಿದ್ದರು. ಮೂರನೆಯ ಸುತ್ತಿನಲ್ಲಿ ಮುಂದಿನ ಎಡಗಡೆಯ ಚಕ್ರ ಗಾಡಿಗಿಂತ ಮೊದಲೇ ತಿರುವು ದಾಟಿತು.

ಪ್ರಾಣ ಉಳಿಯಿತು, ಕಾಲು ಮೂರು ಕಡೆ ಮುರಿಯಿತು. ಮೇಷ್ಟ್ರೇ ನೋಡಿಕೊಳ್ಳುವ ಲಿಫ್ಟಿನಲ್ಲಿ ಅವರ ಭಾವಮೈದುನನನ್ನು ಆರನೆಯ ಮಹಡಿಗೆ ಒಯ್ದರು. ನಾಲ್ಕು ತಿಂಗಳು, ಒಂದು ದಿನವೂ ತಪ್ಪದೆ, ಕೆಲಸ ಮುಗಿಸಿ ಮೇಷ್ಟ್ರು ಆ ಮಂಚದ ಪಕ್ಕ ಕುಳಿತರು. ಬೆನ್ನು ಒರೆಸಿದರು, ಗಡ್ಡ ತೆಗೆದರು. ಅಲ್ಲಿ ಒಂದು ಸಂಜೆ ಇಬ್ಬರೂ ಬಾಯಿ ಬಿಟ್ಟರು.

“ನೀವು ನೋಡಿರ್ತೀರ ಅಂದ್ಕೊಂಡೆ ಭಾವ.”

“ನೀನು ಬಿಗಿ ಮಾಡಿರ್ತೀಯ ಅಂದ್ಕೊಂಡೆ ಕಣೋ.”

ಇಬ್ಬರ ನಂಬಿಕೆಯ ನಡುವೆ ಬಿದ್ದು ಹೋದದ್ದು ಆ ಕಾಲು. ಅಲ್ಲಿಂದ ಮುಂದೆ ಮೇಷ್ಟ್ರು ‘ಅಂದುಕೊಂಡೆ’ ಎಂಬ ಮಾತನ್ನು ತಪಾಸಣೆಯ ಶೆಡ್ಡಿನೊಳಗೆ ಬಿಟ್ಟುಕೊಳ್ಳಲಿಲ್ಲ. ಕೊನೆಯ ಬಿಗಿಯಾದ ಕೂಡಲೇ ನಟ್ಟಿನಿಂದ ಚಕ್ರದವರೆಗೆ ಒಂದು ಹಳದಿ ಗೆರೆ ಎಳೆಯುವ ಪದ್ಧತಿ ತಂದರು. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ. ಅದಕ್ಕಿಂತ ದೊಡ್ಡದು ಅವರ ನೀಲಿ ರಟ್ಟಿನ ಪುಸ್ತಕ. ತಪಾಸಣೆ ಮುಗಿದರೂ ಗಾಜಿಗೆ ‘ಓಡಬಹುದು’ ಎಂಬ ಹಸಿರು ಚೀಟಿ ಅಂಟುತ್ತಿರಲಿಲ್ಲ. ಮೇಷ್ಟ್ರು ಸ್ಟೂಲಿನ ಮೇಲೆ ಕುಳಿತು ಪ್ರತಿಯೊಬ್ಬ ಚಾಲಕನನ್ನೂ ಕೇಳುತ್ತಿದ್ದರು: “ನಿನ್ನ ಗಾಡೀಲಿ ನಿನಗೇ ಅನುಮಾನ ಇರೋದು ಯಾವುದು? ಒಂದು ಹೇಳು. ಬರಿ. ಸಹಿ ಹಾಕು.” ‘ಏನೂ ಇಲ್ಲ’ ಎಂದವರು ಮತ್ತೆ ಸಾಲಿನ ಕೊನೆಗೆ. ಅದರಲ್ಲಿ ಚಿಕ್ಕವರು ದೊಡ್ಡವರು ಎಂಬ ಭೇದವಿರಲಿಲ್ಲ.

ನಮ್ಮ ಚಾಲಕರಲ್ಲಿ ವಕೀಲರೊಬ್ಬರು ಇದಕ್ಕೆ ಆಕ್ಷೇಪ ಎತ್ತಿದ್ದರು. “ನಾನೇ ಬರೆದುಕೊಟ್ಟರೆ ನಾಳೆ ನನ್ನ ವಿರುದ್ಧವೇ ಸಾಕ್ಷಿ ಆಗುತ್ತಲ್ಲ ಮೇಷ್ಟ್ರೇ?”

“ನಾಳೆ ವಾದ ಮಾಡೋಕೆ ನೀವಿರಬೇಕಲ್ಲ ಸ್ವಾಮಿ. ಬರೀರಿ.”

ಹಲ್ಲಿನ ಡಾಕ್ಟರೊಬ್ಬರು ತಮ್ಮ ಬಿರುಕುಬಿಟ್ಟ ಹೆಲ್ಮೆಟನ್ನು ಗಾಡಿಯಲ್ಲೇ ಬಚ್ಚಿಟ್ಟು, ಪಕ್ಕದವರ ಹೊಸ ಹೆಲ್ಮೆಟ್ ತೋರಿಸಿ ಚೀಟಿ ಗಿಟ್ಟಿಸಲು ನೋಡಿದ ಪ್ರಸಂಗವನ್ನು ಹಳಬರು ಬಲ್ಲರು. ಮೇಷ್ಟ್ರು ಆ ಹೊಸ ಹೆಲ್ಮೆಟ್ಟಿನೊಳಗೆ ಮೂಗಿಟ್ಟು ಮೂಸಿ, ಡಾಕ್ಟರ ಬೋಳುತಲೆಯನ್ನೊಮ್ಮೆ ಶಾಂತವಾಗಿ ನೋಡಿ, “ನಿಮ್ಮ ತಲೇಲಿ ಕೂದಲೇ ಇಲ್ಲ ಡಾಕ್ಟ್ರೇ, ಇದರೊಳಗೆ ತಲೆಯೆಣ್ಣೆ ವಾಸನೆ ಎಲ್ಲಿಂದ ಬಂತು?” ಎಂದು ಕೇಳಿದರು. ಶೆಡ್ಡು ನಕ್ಕಿತು. ಮೇಷ್ಟ್ರು ನಗಲಿಲ್ಲ, ಒಳಗೆ ಹೋಗಿ ತಮ್ಮದೇ ಹೆಲ್ಮೆಟ್ ತಂದು ಡಾಕ್ಟರ ತಲೆಗೆ ಹಾಕಿ, ಗಲ್ಲದ ಪಟ್ಟಿಯನ್ನು ಮಗುವಿಗೆ ಬಿಗಿಯುವಂತೆ ತಾವೇ ಬಿಗಿದರು.

ಅವರ ಅನುಮಾನದ ಬೆನ್ನಿಗೇ ಇಂಥ ಅಕ್ಕರೆ ಇರುತ್ತಿತ್ತು. ಓಟವೆಂದರೆ ಉರಿದುಬೀಳುವ ಮನೆಯವರಿರುವ ಚಾಲಕರ ಪಟ್ಟಿಯೊಂದು ಅವರ ಜೇಬಿನಲ್ಲಿರುತ್ತಿತ್ತು. ಓಟ ಮುಗಿದ ಕೂಡಲೇ ಆ ತಾಯಂದಿರಿಗೆ, ಹೆಂಡಂದಿರಿಗೆ ತಾವೇ ಫೋನು ಮಾಡುತ್ತಿದ್ದರು. “ಬಂದ. ಇಳಿದ. ನೀರು ಕುಡೀತಿದಾನೆ.” ಇಷ್ಟೇ. ಗೆದ್ದನೋ ಸೋತನೋ ಎಂದು ಅವರೂ ಹೇಳುತ್ತಿರಲಿಲ್ಲ, ಆ ಕಡೆಯವರೂ ಕೇಳುತ್ತಿರಲಿಲ್ಲ.

ಇನ್ನು ಹೆಬ್ಬೆರಳಿನ ವಿಷಯ.

ಭಾವಮೈದುನನ ಮಗಳು, ನಾವೆಲ್ಲ ಚೂಟಿ ಎಂದು ಕರೆಯುವವಳು, ಕನ್ನಡಕದಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವ ಕೆಲಸದವಳು. ಅವಳಿಗೂ ಓಟದ ಹುಚ್ಚು ಹತ್ತಿದಾಗ ಮೇಷ್ಟ್ರು, “ಮೂರು ವರ್ಷ ನನ್ನ ಜೊತೆ ಗಾಡಿ ನೋಡು, ಆಮೇಲೆ ಓಡಿಸು,” ಎಂದಿದ್ದರು. ಅವಳು ಹಾಗೆಯೇ ಮಾಡಿದಳು. ಆಮೇಲೆ ಓಡಿಸಿದಳು, ಅಪ್ಪನಿಗಿಂತ ಚೆನ್ನಾಗಿಯೇ ಓಡಿಸಿದಳು. ಕಳೆದ ಋತುವಿನ ಕೊನೆಯ ಓಟದ ದಿನ ಅವಳು ಎರಡು ಅಂಕದಿಂದ ಎಲ್ಲರಿಗಿಂತ ಮುಂದಿದ್ದಳು. ಆ ಓಟವನ್ನೂ ಗೆದ್ದರೆ ವರ್ಷದ ಗೆಲುವಿನ ಬಟ್ಟಲು ಅವಳದು. ಕೋಲೂರಿಕೊಂಡು ಅಪ್ಪನೂ ಬಂದು ಬೇಲಿಯ ಬಳಿ ನಿಂತಿದ್ದರು.

ಅಂದು ಇಪ್ಪತ್ಮೂರು ಗಾಡಿ. ಇಪ್ಪತ್ತೆರಡಕ್ಕೆ ಚೀಟಿ ಅಂಟಿತ್ತು. ಕೊನೆಯವಳು ಚೂಟಿ. ಸಾಲಿನಲ್ಲಿ ನಿಂತಷ್ಟು ಹೊತ್ತೂ ಅವಳ ಕಣ್ಣು ಮಾವನ ಕೈಯ ಮೇಲೆಯೇ ಇತ್ತು. ಮಾವ ಅಂಗಿಯ ಗುಂಡಿಯನ್ನು ಎಡಗೈಯಲ್ಲಿ ಹಾಕಿಕೊಂಡದ್ದನ್ನು ಅವಳು ಬೆಳಿಗ್ಗೆಯೇ ಕಂಡಿದ್ದಳು. ಪೆನ್ನು ಎರಡು ಸಲ ಜಾರಿದ್ದನ್ನೂ ಕಂಡಳು. ಮೇಷ್ಟ್ರು ಪುಸ್ತಕವನ್ನು ಅವಳ ಮುಂದಿಟ್ಟು ಎಂದಿನ ಪ್ರಶ್ನೆ ಕೇಳಿದರು.

“ಬರೀತೀನಿ ಮಾವ. ಮೊದಲು ನೀವು ಹೇಳಿ. ನಿಮ್ಮಲ್ಲಿ ನಿಮಗೇ ಅನುಮಾನ ಇರೋದು ಯಾವುದು?”

“ಏನೂ ಇಲ್ಲ,” ಎಂದರು ಮೇಷ್ಟ್ರು. ಆ ಮಾತು ಬಾಯಿಂದ ಜಾರಿದ ಕೂಡಲೇ ಅವರಿಗೇ ಅದರ ಸದ್ದು ಕೇಳಿಸಿರಬೇಕು.

“ಏನೂ ಇಲ್ಲ ಅಂದೋರು ಎಲ್ಲಿ ನಿಲ್ಲಬೇಕು ಮಾವ?”

ಮೇಷ್ಟ್ರು ಸ್ಟೂಲಿನಿಂದ ಎದ್ದರು. ನಿಧಾನವಾಗಿ ನಡೆದು ಹೋಗಿ ಅವಳ ಹಿಂದೆ, ಸಾಲಿನ ಕೊನೆಯಲ್ಲಿ ನಿಂತರು. ಅವಳು ಪಕ್ಕಕ್ಕೆ ಸರಿದಳು. ಮೇಷ್ಟ್ರು ಪುಸ್ತಕದ ಮುಂದೆ ಬಂದು ಎಡಗೈಯಲ್ಲಿ, ಸೊಟ್ಟ ಅಕ್ಷರದಲ್ಲಿ ಬರೆದರು: ಬಲಗೈ ಹೆಬ್ಬೆರಳು. ಆರು ತಿಂಗಳಿಂದ ಸ್ಪರ್ಶ ತಿಳಿಯುತ್ತಿಲ್ಲ. ಸಹಿ ಹಾಕಿದರು. ಕತ್ತಿನ ನರದ ತೊಂದರೆಯೆಂದು ತಮ್ಮದೇ ಆಸ್ಪತ್ರೆಯ ಡಾಕ್ಟರು ಹೇಳಿದ್ದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಋತು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದರು. ಹೌದು, ಅವರೂ ‘ಅಂದುಕೊಂಡಿದ್ದರು’.

ಆಮೇಲೆ ಮೇಷ್ಟ್ರು ಗಾಡಿಯಿಂದ ಗಾಡಿಗೆ ಹೋಗಿ, ತಾವೇ ಅಂಟಿಸಿದ ಇಪ್ಪತ್ತೆರಡು ಹಸಿರು ಚೀಟಿಗಳನ್ನು ಎಡಗೈಯ ಉಗುರಿನಿಂದ ಕಿತ್ತು ತೆಗೆದರು. ಹಲ್ಲಿನ ಡಾಕ್ಟರು ಹಿಂದೆಯೇ ಬಂದರು. “ಎಲ್ಲಾ ಸರಿಯಾಗೇ ಇರುತ್ತೆ ಬಿಡಿ ಮೇಷ್ಟ್ರೇ, ಇಷ್ಟು ವರ್ಷ ನೋಡಿಲ್ವಾ?”

“ಇರುತ್ತೆ ಅನ್ನೋದಕ್ಕೆ ಚೀಟಿ ಅಂಟಿಸಲ್ಲ ಡಾಕ್ಟ್ರೇ. ಇದೆ ಅನ್ನೋದಕ್ಕೆ ಅಂಟಿಸೋದು.”

ಆದರೆ ಮತ್ತೆ ನೋಡುವವರು ಯಾರು? ಆ ಬೋಲ್ಟನ್ನು ಬೆರಳಿನಿಂದ ಓದಲು ಕಲಿತವಳು ಒಬ್ಬಳೇ. ಓಡಿಸುವವರು ಎದುರಾಳಿಗಳ ಗಾಡಿ ಮುಟ್ಟುವಂತಿಲ್ಲ ಎಂಬುದು ಮೇಷ್ಟ್ರೇ ಬರೆದ ನಿಯಮ. ಓಟ ರದ್ದು ಎಂದರು ಕಾರ್ಯದರ್ಶಿಗಳು. ಚೂಟಿ ತನ್ನ ಗಾಡಿಯ ಬಾಗಿಲಿನಿಂದ ಓಟದ ಅಂಕಿಯ ಹಾಳೆಯನ್ನು ಪರಪರನೆ ಕಿತ್ತಳು, ಕೈಗವಸು ಕಳಚಿ ಸೀಟಿನ ಮೇಲೆಸೆದಳು.

“ಮಗಳು ಗೆಲ್ಲೋದು ನೋಡೋಕೆ ಬಂದಿದ್ದೆ ಭಾವ,” ಎಂದರು ಬೇಲಿಯ ಆಚೆಯಿಂದ ಅವಳಪ್ಪ. ಆ ದನಿಯಲ್ಲಿದ್ದದ್ದು ಸಿಟ್ಟೋ ಇನ್ನೇನೋ, ಯಾರಿಗೂ ತಿಳಿಯಲಿಲ್ಲ.

ಚೂಟಿ ಹೊಟ್ಟೆಯ ಮೇಲೆ ಮಲಗಿ ಒಂದೊಂದೇ ಗಾಡಿ ನೋಡುತ್ತ ಹೋದಳು. ಹತ್ತು ಸರಿ. ಹದಿನೈದು ಸರಿ. ಬಿಸಿಲೇರಿತು, ಚಾಲಕರು ಗೊಣಗಿದರು, ಕೆಲವರು ಗಡಿಯಾರ ತೋರಿಸಿದರು. ಇಪ್ಪತ್ತನೆಯ ಗಾಡಿಯ ಸೀಟಿನ ಅಡಿಯಲ್ಲಿ ಅವಳ ಕೈ ನಿಂತಿತು. ಬೋಲ್ಟು ಅವಳ ಬೆರಳಿಗೆ ಬಾಟಲಿಯ ಮುಚ್ಚಳದಂತೆ ಸಲೀಸಾಗಿ ತಿರುಗಿತು. ಒಂದು ಗಂಟೆಯ ಹಿಂದೆ ಆ ಗಾಡಿಯ ಗಾಜಿನ ಮೇಲೆ ಮೇಷ್ಟ್ರ ಚೀಟಿ ಇತ್ತು.

ಗೊಣಗುತ್ತಿದ್ದವರು ಒಬ್ಬೊಬ್ಬರಾಗಿ ಹೋಗಿ ತಮ್ಮ ತಮ್ಮ ಗಾಡಿಯ ಬೆಲ್ಟನ್ನು ತಾವೇ ಜಗ್ಗಿ ನೋಡಿದರು.

ಓಟ ಎರಡೂವರೆ ಗಂಟೆ ತಡವಾಗಿ ಶುರುವಾಯಿತು. ಬಟ್ಟಲು ಬೇರೆಯವರ ಪಾಲಾಯಿತು. ಸಂಜೆ ಮೇಷ್ಟ್ರು ಎಂದಿನಂತೆ ಮನೆಮನೆಗೆ ಫೋನು ಮಾಡಿ ಬಂದ, ಇಳಿದ, ನೀರು ಕುಡೀತಿದಾನೆ ಎಂದು ಹೇಳಿ ಮುಗಿಸಿ, ರಾಜೀನಾಮೆ ಬರೆದರು. ಅಲ್ಲಿಗೇ ನಿಲ್ಲಲಿಲ್ಲ. ಆ ಆರು ತಿಂಗಳಲ್ಲಿ ನಡೆದ ಹಿಂದಿನ ಎರಡು ಓಟಗಳಲ್ಲಿ ತಮ್ಮ ಚೀಟಿ ನಂಬಿ ಗಾಡಿ ಓಡಿಸಿದ ನಲವತ್ತೊಂದು ಜನರಿಗೂ ಎಡಗೈಯಲ್ಲೇ ಪತ್ರ ಬರೆದರು: ನಿಮ್ಮ ಬೋಲ್ಟನ್ನು ನಾನು ನೋಡಿರಲಿಲ್ಲ, ನೋಡಿದಂತೆ ಮಾಡಿದ್ದೆ. ಕೆಲವರು ನಕ್ಕು ಸುಮ್ಮನಾದರು, ಕೆಲವರು ಬೈದು ಬರೆದರು, ಒಬ್ಬರು ಇಂದಿಗೂ ಉತ್ತರಿಸಿಲ್ಲ. ಬಂದ ಉತ್ತರಗಳನ್ನೆಲ್ಲ ಮೇಷ್ಟ್ರು ನೀಲಿ ಪುಸ್ತಕದೊಳಗೇ ಇಟ್ಟಿದ್ದಾರೆ, ಬೈಗುಳದ್ದು ಮೇಲೆ.

ಆ ಇಪ್ಪತ್ತನೆಯ ಗಾಡಿ ಯಾರದೆಂದು ಅಚ್ಚು ಮಾಡಬಾರದೆಂಬುದೂ ಮೇಷ್ಟ್ರ ಆಜ್ಞೆ. ಅದರ ಚಾಲಕರು ಇದೇ ಸಂಪುಟದಲ್ಲಿ ಮತ್ತೊಂದು ಲೇಖನ ಬರೆದಿದ್ದಾರೆ ಎಂದಷ್ಟೇ ಹೇಳಬಹುದು. ಅದು ಯಾವುದಿರಬಹುದೆಂದು ಓದುಗರು ಪ್ರತಿ ಪುಟದಲ್ಲೂ ಅನುಮಾನಿಸಲಿ. ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಸನ್ಮಾನವಿಲ್ಲ.

ನೂರು ವರ್ಷ ಬಾಳಿ ಎಂದು ಹರಸಿದರೆ, ಯಾವ ಆಧಾರದ ಮೇಲೆ ಎಂದು ಕೇಳುವವರು ಅವರು. ಆದ್ದರಿಂದ ನಮ್ಮ ಹಾರೈಕೆ ಇಷ್ಟು: ಅವರು ಬಹುಕಾಲ ನಮ್ಮ ನಡುವೆ ಇರಲಿ, ನಾವು ಅದನ್ನು ದಿನವೂ ಹೋಗಿ ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳುವಂತಾಗಲಿ. ಈ ಋತುವಿನ ಮೊದಲ ಓಟಕ್ಕೆ ಅವರು ಪ್ರೇಕ್ಷಕರಾಗಿ ಬಂದಿದ್ದರು. ಶೆಡ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ ಹೊಸ ಮುಖ್ಯ ತಪಾಸಕಿ ಚೂಟಿ ಅವರನ್ನು ಒಳಗೆ ಬಿಡಲಿಲ್ಲ. ನೀಲಿ ಪುಸ್ತಕವನ್ನು ಮುಂದಕ್ಕೆ ತಳ್ಳಿದಳು.

“ಇವತ್ತು ನಿಮಗೆ ಅನುಮಾನ ಯಾವುದರ ಮೇಲೆ ಮಾವ?”

“ನಿನ್ನ ಮೇಲೆ ಕಣೇ.”

“ಬರೀರಿ. ಸಹಿ ಹಾಕಿ.”

ಮೇಷ್ಟ್ರು ಎಡಗೈಯಲ್ಲಿ ಬರೆದು, ಸಹಿ ಹಾಕಿ, ಒಳಗೆ ಹೋದರು.